ತಿರುವಿನಾಚೆಯ ಕಂಬಗಳು

ಹನ್ನೊಂದು ಗಂಟೆಗೆ ಟಾಕೀಸ್ ಪಾರ್ಕಿಗೆ ಹೋಗಬೇಕೆಂಬುದನ್ನು ಮರೆಯಲು ರಘೂತ್ತಮ ಎದ್ದಾಗಿನಿಂದ ಪಡಬಾರದ ಪಾಡು ಪಡುತ್ತಿದ್ದ. ಸಂಧ್ಯಾವಂದನೆಗೆ ಕೂತರೆ ಗಾಯತ್ರಿಯ ಎಣಿಕೆ ತಪ್ಪಿತು. ಮೊದಲಿನಿಂದ ಹಿಡಿದರೆ ಮತ್ತೆ ತಪ್ಪಿತು. ನನ್ನ ತಲೆ ಇವತ್ತು ನೆಟ್ಟಗಿಲ್ಲ ಅಂತ ದೇವರಿಗೂ ಗೊತ್ತಾಗಲಿ ಬಿಡು ಎಂದುಕೊಂಡು ಎದ್ದೇಬಿಟ್ಟ. ಐವತ್ತಮೂರು ವರ್ಷದ ಮನುಷ್ಯ. ಸೇಡಂನಲ್ಲಿ ಇಪ್ಪತ್ತೆಂಟು ವರ್ಷದಿಂದ ಮನೆ, ಅಂಗಡಿ, ಗೋದಾಮುಗಳಿಗೆ ನಕಾಶೆ ಹಾಕಿಕೊಟ್ಟವನು, ಗೋಡೆ ಅರ್ಧ ಇಂಚು ಸೊಟ್ಟ ಬಂದರೂ ಮೇಸ್ತ್ರಿಯನ್ನು ನಿಲ್ಲಿಸಿಕೊಂಡು ಬೈಯುವವನು, ಒಂದು ಸಾಲು ತಪ್ಪು ಬರೆದಿದ್ದ. ಒಂದೇ ಸಾಲು. ಆ ಹಳೆಯ ಪಾರ್ಕನ್ನು ಹೊಸದಾಗಿ ಕಟ್ಟುವ ಯೋಜನೆಗೆ ಸರ್ವೆ ಮಾಡಿ ನಕಾಶೆ ಹಾಕುವ ಕೆಲಸ ಅವನಿಗೆ ಬಂದಿತ್ತು. ಮೇ ತಿಂಗಳಲ್ಲಿ ಸರ್ವೆ ಮುಗಿಸಿ ಕೊಡುವಾಗ ಹಿಂದುಗಡೆಯ ಮೂಲೆಯ ಬಗ್ಗೆ 'ಖಾಲಿ ಜಾಗ, ಬಳಕೆಯಲ್ಲಿಲ್ಲ, ಬಟ್ಟೆ ಒಣಹಾಕುವ ಎರಡು ಮರದ ಕಂಬಗಳಿವೆ, ತೆಗೆಯಬಹುದು' ಎಂದು ಬರೆದಿದ್ದ. ಆ ಸಾಲನ್ನು ನಂಬಿ ಮೇಲಿನವರು ಅಲ್ಲಿ ವಾಹನ ನಿಲ್ಲಿಸುವ ಜಾಗವೆಂದು ಗೆರೆ ಎಳೆದರು. ಈಗ ನೋಡಿದರೆ ಅದು ಖಾಲಿ ಜಾಗವಲ್ಲ, ಭೀಮನಗರದ ಹುಡುಗಿಯರು ಎಂಟು ವರ್ಷದಿಂದ ಖೋ ಖೋ ಆಡುವ ಅಂಗಳ. ಅವು ಬಟ್ಟೆಯ ಕಂಬಗಳಲ್ಲ, ಖೋ ಖೋ ಕಂಬಗಳು. ಆಟ ಕಲಿಸುವ ಲುಂಬಿನಿ ಎಂಬ ಟೀಚರು ತಕರಾರು ಅರ್ಜಿ ಕೊಟ್ಟಿದ್ದಳು. ಕಲಬುರಗಿಯಿಂದ ಸಾಹೇಬರು ಬರುತ್ತಾರೆ, ಸರ್ವೆ ಮಾಡಿದವನು ಸ್ಥಳದಲ್ಲಿ ನಿಂತು ತಾನು ಬರೆದದ್ದು ಸರಿಯೋ ತಪ್ಪೋ ಹೇಳಬೇಕು. ಸರಿ ಎಂದರೆ ನಾಡಿದ್ದು ಜೆಸಿಬಿ ಬರುತ್ತದೆ.

ಹೆಂಡತಿ ಪದ್ಮಜಾ ಚಹಾ ತಂದಿಟ್ಟು ಎದುರಿಗೆ ಕೂತಳು. ಅವಳಿಗೆ ಪಾರ್ಕಿನ ಕೆಲಸವೆಂದರೆ ಹಬ್ಬ. ದಿನಾ ಬೆಳಿಗ್ಗೆ ನಾಲ್ಕು ಜನ ಹೆಂಗಸರ ಜೊತೆ ಅಲ್ಲಿಗೆ ತಿರುಗಾಡಲು ಹೋಗುವವಳು, 'ನಕಾಶಿ ನಮ್ಮವರೇ ಹಾಕ್ಯಾರ' ಎಂದು ಅವರಿಗೆಲ್ಲ ಹೇಳಿಟ್ಟಿದ್ದಳು. "ವ್ಯಾಯಾಮದ ಮಷೀನು ಬರ್ತಾವಂತ, ಕುಂತು ಕಾಲು ಆಡಸೋವು. ನನ್ನ ಮೊಣಕಾಲಿಗೆ ಭಾಳ ಛಲೋ ಆಗ್ತದ. ಸಮುದಾಯ ಭವನಕ್ಕ ಅಡಿಗಿ ಖೋಲಿ ಇಟ್ಟೀರಿಲ್ಲೋ?" ಎಂದಳು. ಇಟ್ಟಿದ್ದೇನೆ ಎಂದ. ಚಹಾ ಆರುವವರೆಗೂ ಲೋಟ ಹಿಡಿದು ಕೂತಿದ್ದು, "ನೀನು ಪಾರ್ಕಿನಾಗ ಎಲ್ಲಿ ತನಕ ಹೋಗ್ತಿ?" ಎಂದು ಕೇಳಿದ.

"ಬೇವಿನ ಗಿಡದ ತನಕ. ಅಲ್ಲಿಂದ ಹೊಳ್ಳತೀವಿ."

"ಯಾಕ ಹೊಳ್ಳತೀರಿ?"

"ಯಾಕ ಅಂದ್ರ? ದಾರಿ ಅಲ್ಲೇ ಹೊಳ್ಳತದಲ್ಲ. ಎಲ್ಲಾರೂ ಅಲ್ಲೇ ಹೊಳ್ಳತಾರ." ಅವಳು ಅವನ ಮುಖವನ್ನೇ ನೋಡಿದಳು. "ಇದೇನ್ರೀ, ಮುಂಜಾನೆದ್ದು ಇಂಥಾ ಪ್ರಶ್ನಿ? ನಿದ್ದಿ ಆಗಿಲ್ಲೇನು?" ಅವನು ಚಹಾ ಕುಡಿದು, ಅಂಗಿ ಹಾಕಿಕೊಂಡು, ಅಳತೆಯ ಟೇಪನ್ನು ಚೀಲದಲ್ಲಿಟ್ಟುಕೊಂಡು ಹೊರಬಿದ್ದ. ಇನ್ನೂ ಹತ್ತೂ ಆಗಿರಲಿಲ್ಲ.

ನವೆಂಬರದ ಬಿಸಿಲು ಹಿತವಾಗಿತ್ತು, ಅದೂ ಅವನಿಗೆ ಸಿಟ್ಟು ತರಿಸಿತು. ಕೋಡ್ಲಾ ಕಡೆಯಿಂದ ಬರುವ ಸಿಮೆಂಟು ಲಾರಿಗಳು ಮೇನ್ ರೋಡಿನಲ್ಲಿ ಒಂದರ ಹಿಂದೆ ಒಂದು ಹೋಗುತ್ತಿದ್ದವು. ಅವುಗಳ ಧೂಳಿಗೆ ಮೂಗು ಮುಚ್ಚಿಕೊಂಡು ನಿಂತಾಗ ಚಹಾದಂಗಡಿಯ ಚಂದ್ರಾಮಪ್ಪ ಒಳಗಿನಿಂದಲೇ ಕೂಗಿದ: "ನಕಾಶಿ ಸಾಹೇಬ್ರ, ಪಾರ್ಕಿನಾಗ ಗಾಡಿ ನಿಂದರಸಾಕ ದೊಡ್ಡ ಜಾಗ ಇಟ್ಟೀರಂತ! ಮನಷ್ಯಾರು ನಿಂದರಾಕೂ ಒಂದೀಟು ಇಡ್ರಿ ಮತ್ತ." ಬೆಂಚಿನ ಮೇಲಿದ್ದವರು ನಕ್ಕರು. ಚಂದ್ರಾಮಪ್ಪ ಯಾರಿಗಾದರೂ ಏನಾದರೂ ಅನ್ನುವವನೇ, ಅದರಲ್ಲಿ ವಿಷವಿರಲಿಲ್ಲ. ಆದರೂ ರಘೂತ್ತಮನ ಕಿವಿ ಬಿಸಿಯಾಯಿತು. ಹಾಗಾದರೆ ಊರಿಗೆಲ್ಲ ಗೊತ್ತಾಗಿದೆ. ಏನು ಗೊತ್ತಾಗಿದೆ? ತಪ್ಪು ಬರೆದ ಎಂಬುದೋ, ಯಾಕೆ ತಪ್ಪು ಬರೆದ ಎಂಬುದೋ? ಯಾಕೆ ಎಂಬುದು ಅವನಿಗೇ ಸರಿಯಾಗಿ ಗೊತ್ತಿಲ್ಲದಿರುವಾಗ ಬೆಂಚಿನ ಮೇಲೆ ಕೂತವರಿಗೆ ಹೇಗೆ ಗೊತ್ತಾದೀತು ಎಂದು ಸಮಾಧಾನ ಮಾಡಿಕೊಂಡ. ಆ ಸಮಾಧಾನ ರಸ್ತೆ ದಾಟುವವರೆಗೂ ಬಾಳಲಿಲ್ಲ, ಯಾಕೆಂದರೆ ಅವನಿಗೆ ಗೊತ್ತಿತ್ತು. ಒಂದು ವಾರದಿಂದ ಚೆನ್ನಾಗಿ ಗೊತ್ತಿತ್ತು. ನಾಲ್ಕು ಅಡಿ ಎತ್ತರದ ಕಂಬಕ್ಕೆ ಯಾವ ಹೆಂಗಸು ಸೀರೆ ಒಣಹಾಕುತ್ತಾಳೆ? ಅರ್ಧ ಸೀರೆ ಮಣ್ಣಿಗೆ ಬೀಳುತ್ತದೆ. ಅದೂ ಹೋಗಲಿ, ಎಂಟನೆಯ ಇಯತ್ತೆಯಿಂದ ಮೆಟ್ರಿಕ್‌ವರೆಗೆ ಮೂರು ವರ್ಷ ಶಾಲೆಯ ಖೋ ಖೋ ತಂಡದಲ್ಲಿ ಆಡಿದವನು ಅವನು. ಕಂಬವನ್ನು ಒಂದು ಕೈಯಲ್ಲಿ ಹಿಡಿದು ಗಿರಕ್ಕನೆ ಸುತ್ತಿ ಎದುರಾಳಿಯ ಬೆನ್ನು ಮುಟ್ಟುವುದರಲ್ಲಿ ಅವನಿಗೆ ಹೆಸರಿತ್ತು. ಅಂಥವನಿಗೆ ಆ ಕಂಬ ಗುರುತು ಸಿಗಲಿಲ್ಲವೆಂದರೆ ಯಾರು ನಂಬುತ್ತಾರೆ? ತನ್ನ ಕೈಯೇ ಬರೆದದ್ದನ್ನು ಅವನೇ ನಂಬಲಾರದವನಾಗಿದ್ದ.

ಮೇ ತಿಂಗಳಲ್ಲಿ ಸರ್ವೆ ಮಾಡಿದ ದಿನ ಬೆಳಿಗ್ಗೆ ಆರೂವರೆಗೆ ಪಾರ್ಕಿನ ಗೇಟಿಗೆ ಹೋಗಿದ್ದ. ಪಾರ್ಕಿನ ಮುದಿ ಕಾವಲುಗಾರ ಖಾಜಾಮಿಯಾ ಟೇಪಿನ ಆಚೆ ತುದಿ ಹಿಡಿದಿದ್ದ. ಗೇಟು, ನೀರಿಲ್ಲದ ಕಾರಂಜಿ, ಮುರಿದ ಜೋಕಾಲಿ, ಹಳೆಯ ವಾಚನಾಲಯದ ಕಟ್ಟೆ, ಶಹಾಬಾದ್ ಫರಸಿ ಹಾಸಿದ ತಿರುಗಾಟದ ದಾರಿ, ಎಲ್ಲವನ್ನೂ ಇಂಚಿಂಚು ಬಿಡದೆ ಅಳೆದು ಬರೆದುಕೊಂಡಿದ್ದ. ದಾರಿ ಬೇವಿನ ಗಿಡದ ಹತ್ತಿರ ಬಂದು ಎಡಕ್ಕೆ ಹೊರಳಿ ಮತ್ತೆ ಗೇಟಿನ ಕಡೆಗೆ ಹೋಗುತ್ತದೆ. ಗಿಡದಾಚೆ ಫರಸಿ ಇಲ್ಲ, ಬರೀ ಮಣ್ಣು, ಕಣ್ಣಂಚಿಗೆ ಬಿದ್ದ ಎರಡು ಗಿಡ್ಡ ಕಂಬ, ಆಮೇಲೆ ಅರ್ಧ ಬಿದ್ದ ಕಂಪೌಂಡು ಗೋಡೆ, ಗೋಡೆಯಾಚೆ ಭೀಮನಗರ. ಖಾಜಾಮಿಯಾ ಟೇಪು ಹಿಡಿದುಕೊಂಡು ಆ ಕಡೆಗೆ ನಾಲ್ಕು ಹೆಜ್ಜೆ ಹೋಗಿಯೂ ಬಿಟ್ಟಿದ್ದ. "ಸಾಹೇಬ್ರ, ಇನ್ನಾ ಅದಲ್ರಿ ಮುಂದ" ಎಂದಿದ್ದ. "ಸಾಕು ಬಾ ಖಾಜಾಮಿಯಾ, ಆ ಕಡೀದು ಹಳೇ ನಕಾಶಿ ಅದ ನನ್ನ ಹತ್ರ" ಎಂದು ರಘೂತ್ತಮ ಟೇಪು ಸುತ್ತಿಕೊಂಡಿದ್ದ. ಹಳೇ ನಕಾಶೆ ಇದ್ದದ್ದು ಸುಳ್ಳಲ್ಲ. ಆದರೆ ಅವನ ಕಾಲು ಅಷ್ಟರಲ್ಲಾಗಲೇ ಎಡಕ್ಕೆ ಹೊರಳಿತ್ತು. ಅವನು ಹೊರಳಿಸಿದ್ದಲ್ಲ, ತಾನಾಗಿ ಹೊರಳಿತ್ತು. ಅವನ ತಲೆಯೊಳಗೆ ಪಾರ್ಕು ಎಂಬುದು ಬೇವಿನ ಗಿಡಕ್ಕೇ ಮುಗಿಯುತ್ತಿತ್ತು, ಅದರಾಚೆ ಇದ್ದದ್ದು ಪಾರ್ಕಿನ ಲೆಕ್ಕಕ್ಕೆ ಬರುತ್ತಿರಲಿಲ್ಲ. ಇಷ್ಟೇ ಆಗಿದ್ದರೆ ಮರೆವು ಎಂದಾದರೂ ಅನ್ನಬಹುದಿತ್ತು. ಆದರೆ ಅಯ್ಯೋ, ಅವನು ಕೇಳಿದ್ದ. ಟೇಪು ಸುತ್ತುತ್ತ ನಿಂತಾಗ ಗಿಡದಾಚೆಯಿಂದ 'ಖೋ!' ಎಂಬ ಕೂಗು ಬಂದಿತ್ತು, ಎಳೆಯ ಹೆಣ್ಣು ದನಿ, ಅದರ ಬೆನ್ನಿಗೆ ಇನ್ನೊಂದು, ಮತ್ತೊಂದು. ಆ ಕೂಗಿಗೆ ಅವನ ಮೀನಖಂಡಗಳು ತಂತಾನೇ ಬಿಗಿದು, ಕೂತಲ್ಲಿಂದ ಚಿಮ್ಮಿ ಏಳಲು ಸಿದ್ಧವಾದಂತೆ ಆಗಿ, ಅವನಿಗೆ ನಗುವೂ ಬಂದಿತ್ತು. ಆ ಕಡೆ ತಿರುಗಿಯೂ ನೋಡದೆ, ನಗುತ್ತಲೇ ಎಡಕ್ಕೆ ಹೊರಳಿ ಗೇಟಿಗೆ ಬಂದು, ಮನೆಗೆ ಹೋಗಿ ಊಟ ಮಾಡಿ, ಮಧ್ಯಾಹ್ನ ಫ್ಯಾನಿನ ಕೆಳಗೆ ಕೂತು 'ಬಳಕೆಯಲ್ಲಿಲ್ಲ' ಎಂದು ಬರೆದ. ಸುಳ್ಳು ಬರೆಯುತ್ತಿದ್ದೇನೆ ಎಂದು ಆಗ ಒಂದು ಚಣವೂ ಅನ್ನಿಸಿರಲಿಲ್ಲ.

ಅಪ್ಪ ಪಾಂಡುರಂಗರಾಯರು ಅದೇ ಗಿಡದ ಕೆಳಗೆ ಹೊರಳುತ್ತಿದ್ದರು. ಸಂಜೆ ಶಾಲೆ ಬಿಟ್ಟ ಮೇಲೆ ಮಗನ ಕೈ ಹಿಡಿದುಕೊಂಡು ಪಾರ್ಕಿಗೆ ಬರುವರು, ದಾರಿಯುದ್ದಕ್ಕೂ ಮಗ್ಗಿ ಕೇಳುವರು, ಹದಿನೇಳರ ಮಗ್ಗಿಗೆ ಸರಿಯಾಗಿ ಬೇವಿನ ಗಿಡ ಬರುವುದು. ಧೋತರದ ಚುಂಗನ್ನು ಎಡಗೈಯಲ್ಲಿ ಸ್ವಲ್ಪ ಮೇಲೆತ್ತಿ, 'ನಡಿ, ಹೊಳ್ಳೋಣ' ಅನ್ನುವರು. ಆ ಕಡೆ ಹೋಗಬೇಡ ಎಂದು ಒಂದು ದಿನವೂ ಹೇಳಲಿಲ್ಲ. ಅಲ್ಲಿರುವವರ ಬಗ್ಗೆ ಒಂದು ಕೆಟ್ಟ ಮಾತು ಅವರ ಬಾಯಲ್ಲಿ ಬಂದದ್ದು ರಘೂತ್ತಮನಿಗೆ ನೆನಪಿಲ್ಲ. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಒಂದೇ ಪ್ರೀತಿಯಿಂದ ಗಣಿತ ಕಲಿಸಿದರು, ಭೀಮನಗರದ ಎಷ್ಟೋ ಹುಡುಗರು ಅವರಿಂದ ಪಾಸಾಗಿ ನೌಕರಿ ಹಿಡಿದರು, ಅವರು ತೀರಿಕೊಂಡಾಗ ಹೆಗಲು ಕೊಡಲು ಮುಂದೆ ಬಂದವರಲ್ಲೂ ಆ ಹುಡುಗರೇ ಹೆಚ್ಚು. ಬಂಧುಗಳು ಅವರಿಗೆ ಹೆಗಲು ಕೊಡಲು ಬಿಡಲಿಲ್ಲ, ಅದು ಬೇರೆ ಮಾತು. ಹಾಗಾಗಿ ಅಪ್ಪನನ್ನು ದೂರಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಯಾವ ಮಾತೂ ಆಡದೆ ಅವರು ಕಾಲಿಗೆ ಕಲಿಸಿ ಹೋಗಿದ್ದರು. ಮಾತಿನಲ್ಲಿ ಹೇಳಿದ್ದರೆ ಕಾಲೇಜಿನ ದಿನಗಳಲ್ಲಿ ಜಗಳ ತೆಗೆದು, ನಾನು ಇದನ್ನೆಲ್ಲ ನಂಬುವುದಿಲ್ಲ ಎಂದು ಬಿಟ್ಟುಬಿಡಬಹುದಿತ್ತು. ಬಿಡಲು ಕೈಗೆ ಸಿಗುವಂಥದ್ದು ಏನೂ ಇರಲಿಲ್ಲ.

ಲುಂಬಿನಿ ಸೂರ್ಯಕಾಂತನ ಮಗಳು ಎಂಬುದು ಒಂದು ವಾರದ ಹಿಂದೆ ಅರ್ಜಿಯಲ್ಲಿ ತಂದೆಯ ಹೆಸರು ಓದಿದಾಗ ಗೊತ್ತಾಗಿತ್ತು. ಅಂದಿನಿಂದ ಅನ್ನ ಸೇರುತ್ತಿಲ್ಲ. ಸೂರ್ಯಕಾಂತ ಅವನ ಜೊತೆಗೇ ಓದಿದವನು, ಅದೇ ಖೋ ಖೋ ತಂಡದವನು, ಈಗ ವಾಡಿಯಲ್ಲಿ ರೈಲ್ವೆ ಹಳಿ ಕಾಯುವ ಕೆಲಸದಲ್ಲಿದ್ದಾನೆ. ದಾರಿಯಲ್ಲಿ ಸಿಕ್ಕರೆ 'ಏನು ರಘು, ಹ್ಯಾಂಗಿದ್ದಿ' ಎಂದು ಸೈಕಲ್ಲು ನಿಲ್ಲಿಸಿ ಮಾತಾಡಿಸುತ್ತಾನೆ, ಅವನಷ್ಟು ಪ್ರೀತಿಯಿಂದ ಈ ಊರಿನಲ್ಲಿ ಇನ್ಯಾರೂ ಮಾತಾಡಿಸುವುದಿಲ್ಲ. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಚಿತ್ತಾಪುರದಲ್ಲಿ ಆಟಕ್ಕೆ ಹೋಗಿದ್ದರು. ಕೊನೆಯ ನಿಮಿಷ, ಎದುರಾಳಿ ಉಳಿದವನು ಒಬ್ಬನೇ, ರಘೂತ್ತಮ ಬೆನ್ನಟ್ಟಿದ್ದ, ಸಾಲಿನಲ್ಲಿ ಕೂತ ಸೂರ್ಯಕಾಂತನ ಬೆನ್ನು ಮುಟ್ಟಿ 'ಖೋ' ಎಂದರೆ ಸಾಕು, ಅವನು ಎದ್ದು ಹಿಡಿದೇ ಬಿಡುತ್ತಿದ್ದ. ಅಷ್ಟರಲ್ಲಿ ಗೆರೆಯಾಚೆ ಅಪ್ಪ ನಿಂತಿರುವುದು ಕಂಡಿತು. ಚಿತ್ತಾಪುರಕ್ಕೆ ಯಾವುದೋ ಕೆಲಸಕ್ಕೆ ಬಂದವರು, ಕರಿಟೊಪ್ಪಿಗೆ, ಕಂಕುಳಲ್ಲಿ ಛತ್ರಿ, ಮಗನ ಆಟ ನೋಡಲು ಸಂತೋಷದಿಂದಲೇ ನಿಂತಿದ್ದರು. ರಘೂತ್ತಮನ ಕೈ ಸೂರ್ಯಕಾಂತನ ಬೆನ್ನಿನಿಂದ ನಾಲ್ಕು ಬೆರಳು ದೂರದಲ್ಲಿ ನಿಂತುಬಿಟ್ಟಿತು, ಬಾಯಿ ಮಾತ್ರ 'ಖೋ' ಎಂದಿತು. ದಿನಾ ಮುಟ್ಟುತ್ತಿದ್ದ ಬೆನ್ನು ಅದು. ಮುಟ್ಟದೆ ಖೋ ಕೊಟ್ಟರೆ ತಪ್ಪು. ಸೀಟಿ ಬಿತ್ತು, ಒಂದು ಅಂಕದಿಂದ ಸೋತರು. 'ನಾನೇ ಜಲ್ದಿ ಎದ್ದೆ ಸರ್, ಅವಂದೇನೂ ತಪ್ಪಿಲ್ಲ' ಎಂದು ಸೂರ್ಯಕಾಂತ ಮುಂದೆ ಬಂದು ಹೇಳಿದ, ಪಿ.ಟಿ. ಮಾಸ್ತರು ಅವನ ಕಿವಿ ಹಿಂಡಿ ಬಾಯಿಗೆ ಬಂದಂತೆ ಬೈದರು. ರಘೂತ್ತಮ ಬೂಟಿನ ಲೇಸು ಬಿಚ್ಚುತ್ತ ಸುಮ್ಮನೆ ಕೂತಿದ್ದ. ಆ ಸುಮ್ಮನಿದ್ದದ್ದು ಮೂವತ್ತೊಂಬತ್ತು ವರ್ಷ ಅವನ ಹೊಟ್ಟೆಯಲ್ಲಿ ಹಾಗೇ ಇತ್ತು. ಒಂದು ಸಲವಾದರೂ ಸೂರ್ಯಕಾಂತ ಆ ಮಾತು ಎತ್ತಿದ್ದರೆ ಕ್ಷಮೆ ಕೇಳಿ ಹಗುರಾಗಬಹುದಿತ್ತು. ಅವನು ಎತ್ತಲಿಲ್ಲ.

ಹೊತ್ತು ಕಳೆಯಲು ಅಲ್ಲಿ ಇಲ್ಲಿ ಸುತ್ತಿ ಪಾರ್ಕಿಗೆ ಬರುವಷ್ಟರಲ್ಲಿ ಸಾಹೇಬರ ಜೀಪು ಆಗಲೇ ಬಂದು ನಿಂತಿತ್ತು. ರಮೇಶಕುಮಾರ ಸಾಹೇಬರು ಸಣ್ಣ ವಯಸ್ಸಿನ ಇಂಜಿನಿಯರು, ನಯವಾದ ಮಾತು, ಊಟದ ಹೊತ್ತಿಗೆ ಚಿಂಚೋಳಿಯಲ್ಲಿ ಇನ್ನೊಂದು ಕಾಮಗಾರಿ ನೋಡಬೇಕಾದ ಅವಸರ. "ಬರ್ರಿ ರಘೂತ್ತಮರಾವ್, ನಿಮ್ಮ ಕೆಲಸ ನೋಡೀನಿ, ಭಾಳ ಬರೋಬ್ಬರಿ ಇರ್ತದ. ಶಹಾಬಾದದ ಸರ್ವೆ ಕೆಲಸಾನೂ ನಿಮಗೇ ಹೇಳೋಣಂತಿದ್ದೆ, ಈ ಒಂದು ತಕರಾರು ಮುಗೀಲಿ" ಎಂದು ಹೆಗಲ ಮೇಲೆ ಕೈಯಿಟ್ಟು ನಡೆಸಿಕೊಂಡು ಹೋದರು. ಖಾಜಾಮಿಯಾ ಬೇವಿನ ಗಿಡದ ನೆರಳಿನಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದ. ಸಾಹೇಬರೂ ಅಲ್ಲಿಗೇ ಬಂದು ಕೂತರು, ಮುಂದೆ ಹೋಗಿ ನೋಡಬೇಕೆಂದು ಅವರಿಗೂ ಅನ್ನಿಸಲಿಲ್ಲ. ಗಿಡದಾಚೆಯ ಮಣ್ಣಿನ ಮೇಲೆ ನೀಲಿ ಅಂಗಿಯ ಹದಿನೈದು ಹುಡುಗಿಯರು ಸಾಲಾಗಿ ನಿಂತಿದ್ದರು, ಅವರ ಮುಂದೆ ಲುಂಬಿನಿ. ತೆಳ್ಳಗೆ, ಕಪ್ಪಗೆ, ಸೀಟಿಯ ದಾರ ಕೊರಳಲ್ಲಿ. ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಹಿಂದೆ ಗೋಡೆಗೆ ಒರಗಿ ಸೂರ್ಯಕಾಂತ ನಿಂತಿದ್ದ, ರಜೆ ಹಾಕಿ ಬಂದಿರಬೇಕು. ರಘೂತ್ತಮನನ್ನು ಕಂಡು ಎಂದಿನಂತೆ ಕೈ ಎತ್ತಿದ. ರಘೂತ್ತಮನೂ ಎತ್ತಿದ, ಎತ್ತಿದ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ತಲೆ ಸವರಿಕೊಂಡ.

ಸಾಹೇಬರು ಕಾಗದ ತೆಗೆದರು. "ಈ ಮೇಡಂ ಅಂತಾರ, ಇಲ್ಲಿ ಎಂಟು ವರ್ಷದಿಂದ ಆಟ ನಡೀಲಿಕತ್ತದ ಅಂತ. ನೀವು ಬರದೀರಿ, ಬಳಕೆಯಲ್ಲಿಲ್ಲ ಅಂತ. ಎರಡೂ ಖರೇ ಆಗೂದು ಹ್ಯಾಂಗ್ರಿ?" ಉತ್ತರಕ್ಕೆ ಕಾಯದೆ ತಾವೇ ದಾರಿ ತೋರಿಸಿದರು: "ನಾ ವಿಚಾರ ಮಾಡೀನಿ. ಮೇ ತಿಂಗಳದಾಗ ಶಾಲಿ ಸೂಟಿ ಇತ್ತು. ನೀವು ಹೋದಾಗ ಯಾರೂ ಇರಲಿಲ್ಲ, ಇದ್ದಂಗ ಬರದೀರಿ. ಹಾಂಗಂತ ಒಂದು ಮಾತು ಹೇಳ್ರಿ, ನಾ ಬರಕೋತೀನಿ, ಯಾರದೂ ತಪ್ಪಿಲ್ಲ. ಹುಡುಗ್ಯಾರಿಗೆ ಸ್ಟೇಡಿಯಂ ಅದಲ್ಲ, ಅಲ್ಲಿ ಆಡ್ಲಿ."

"ಸ್ಟೇಡಿಯಂ ಎರಡು ಕಿಲೋಮೀಟರ್ ಆಗ್ತದ್ರಿ ಸರ್" ಎಂದಳು ಲುಂಬಿನಿ. ದನಿ ಏರಿಸಲಿಲ್ಲ. "ಸಿಮೆಂಟ್ ಲಾರಿ ಓಡೋ ರೋಡ್ ದಾಟಿ, ಕತ್ತಲಾಗೂತನಾ ಇವ್ರಿಗಿ ಯಾರ ಕಳಸ್ತಾರ? ಇಲ್ಲಿ ಆದ್ರ ಅವ್ರ ಅವ್ವಂದಿರು ಗೋಡಿ ಮ್ಯಾಲಿಂದ ಇಣಕಿ ನೋಡ್ತಾರ, ಅದಕ್ಕ ಬಿಡ್ತಾರ. ಈ ಜಾಗ ಹೋದ್ರ ಇವ್ರ ಆಟ ಹೋತು. ಮುಂದಿನ ತಿಂಗಳ ವಿಭಾಗ ಮಟ್ಟದ ಪಂದ್ಯ ಅದ, ಇದೇ ಮಣ್ಣಿನಾಗ ಬಿದ್ದು ಎದ್ದು ಅಲ್ಲಿ ತನಕ ಹೋಗ್ಯಾವ ಇವು. ಮತ್ತ ಸೂಟಿ ಅಂದ್ರೆಲಾ, ಸೂಟ್ಯಾಗೂ ಬಿಟ್ಟಿಲ್ರಿ. ಮೇ ತಿಂಗಳು ಪೂರಾ ಬೆಳಿಗ್ಗಿ ಆರಕ್ಕ ಬಂದೀವಿ." ಹಾಗೆ ಹೇಳಿ ಅವಳು ರಘೂತ್ತಮನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದ. ಅಪ್ಪನ ಗೆಳೆಯ, ಖರೆ ಹೇಳಿಯಾನು ಎಂಬ ಸಣ್ಣ ಆಸೆ ಇತ್ತು.

ಎಲ್ಲರೂ ಅವನ ಬಾಯನ್ನೇ ನೋಡುತ್ತಿದ್ದರು. ಸೂಟಿ ಇತ್ತು ಎಂಬ ಮಾತು ನಾಲಿಗೆಯ ಮೇಲೆ ತಯಾರಾಗಿ ಕೂತಿತ್ತು. ಸುಲಭದ ಮಾತು, ಅರ್ಧ ನಿಜವೂ ಹೌದು. ಅದನ್ನಂದರೆ ಶಹಾಬಾದಿನ ಕೆಲಸ, ಇಪ್ಪತ್ತೆಂಟು ವರ್ಷದ ಹೆಸರು, ಪದ್ಮಜಾ ನಾಲ್ಕು ಹೆಂಗಸರೆದುರು ಆಡಿದ ಮಾತು, ಎಲ್ಲ ಉಳಿಯುತ್ತಿದ್ದವು. ಸುಳ್ಳಿ ಎಂಬ ಹೆಸರು ಮಾತ್ರ ಆ ಹುಡುಗಿಗೆ ಬರುತ್ತಿತ್ತು. ಸಾಲಿನ ಕೊನೆಯಲ್ಲಿ ನಿಂತ ಸಣ್ಣ ಹುಡುಗಿಯೊಬ್ಬಳು ಏನಾಗುತ್ತಿದೆ ಎಂದು ತಿಳಿಯದೆ ಒಂದು ಕಾಲಿನಿಂದ ಇನ್ನೊಂದು ಕಾಲನ್ನು ತುರಿಸಿಕೊಳ್ಳುತ್ತಿದ್ದಳು. ಅವಳ ಮೊಣಕಾಲಿನ ಮೇಲೆ ಹಳೆಯ ಗಾಯದ ಗುರುತುಗಳಿದ್ದವು.

"ನಾ ಆ ಕಡೆ ಹೋಗೇ ಇಲ್ರಿ" ಎಂದ ರಘೂತ್ತಮ. ತನ್ನ ದನಿ ತನಗೇ ಅಪರಿಚಿತವೆನ್ನಿಸಿತು. "ಈ ಗಿಡದ ತನಕ ಬಂದೆ. ಇಲ್ಲಿಂದಲೇ ಹೊಳ್ಳಿ ಹೋದೆ. ಹೋಗದೇ, ನೋಡದೇ ಬರದೆ. ಆಕಿ ಹೇಳೂದು ಖರೇ ಅದ. ನಂದು ತಪ್ಪು."

ಸಾಹೇಬರ ಮುಖದ ನಯ ಹೋಯಿತು. "ಹೋಗದೇ ಬರದ್ರಿ? ಸಹಿ ಮಾಡೀರಲ್ರಿ! ಇಪ್ಪತ್ತು ಹೆಜ್ಜಿ ಆಗಂಗಿಲ್ಲ ಇಲ್ಲಿಂದ. ಯಾಕ ಹೋಗಲಿಲ್ಲ?"

ಇದೊಂದು ಪ್ರಶ್ನೆಗೆ ಅವನು ತಯಾರಾಗಿರಲಿಲ್ಲ. ತಪ್ಪು ಒಪ್ಪಿಕೊಂಡರೆ ಮುಗಿಯಿತು ಎಂದುಕೊಂಡಿದ್ದ, ಪೆದ್ದ. ಗಿಡದ ಮೇಲೆ ಎಲ್ಲೋ ಅಳಿಲು ಚಿರಗುಟ್ಟುತ್ತಿತ್ತು. ಖಾಜಾಮಿಯಾ ನೆಲ ನೋಡುತ್ತ ನಿಂತಿದ್ದ. ಅವನಿಗೆಲ್ಲ ಗೊತ್ತಿತ್ತು, ನಲವತ್ತು ವರ್ಷದಿಂದ ಯಾರ್ಯಾರು ಎಲ್ಲೆಲ್ಲಿ ಹೊರಳುತ್ತಾರೆಂದು ನೋಡುತ್ತ ಬಂದವನು ಅವನು.

ಅಷ್ಟರಲ್ಲಿ ಸೂರ್ಯಕಾಂತ ಗೋಡೆ ಬಿಟ್ಟು ಮುಂದೆ ಬಂದ. ಮುಖದ ತುಂಬ ನಗು. "ಬಿಸಿಲ್ರಿ ಸಾಹೇಬ್ರ! ಮೇ ತಿಂಗಳ ನಮ್ಮ ಸೇಡಂ ಬಿಸಿಲು ನಿಮಗ ಗೊತ್ತಿಲ್ಲೇನು? ಫರಸಿ ಮ್ಯಾಲ ಕಾಲಿಟ್ರ ಬೊಬ್ಬಿ ಏಳ್ತಾವ. ನೆಳ್ಳು ಇರೋತನಾ ಬಂದಾರ, ಮುಂದ ಬರೀ ಬಯಲು, ಬ್ಯಾಡಪಾ ಅಂತ ಹೊಳ್ಳಿ ಹೋಗ್ಯಾರ. ಯಾರ ಇದ್ರೂ ಹಾಂಗ ಮಾಡ್ತಿದ್ರು. ಅದೇನ್ ದೊಡ್ಡದು ಬಿಡ್ರಿ." ಸಾಹೇಬರು ನಕ್ಕರು. ಖಾಜಾಮಿಯಾನೂ ನಿಟ್ಟುಸಿರು ಬಿಟ್ಟು ನಕ್ಕ. "ಬಿಸಿಲು ಅಂತ ಬರಕೋತೀನಿ ಹಂಗಾದ್ರ" ಎಂದು ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದರು.

ಅಬ್ಬಾ, ಎಷ್ಟು ಹಗುರಾಯಿತು! ಜಾಗ ಹುಡುಗಿಯರಿಗೆ ಉಳಿಯಿತು, ಮಾನವೂ ಮುಕ್ಕಾಲು ಪಾಲು ಉಳಿಯಿತು. ಬಿಸಿಲಿಗೆ ಬಳಲಿದ ಐವತ್ತು ದಾಟಿದ ಮನುಷ್ಯನನ್ನು ಯಾರು ಬೈಯುತ್ತಾರೆ? ಸೂರ್ಯಕಾಂತನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕು ಎನ್ನಿಸಿತು. ಆಗ ಲುಂಬಿನಿಯ ಮುಖ ಕಂಡಿತು. ಅವಳೊಬ್ಬಳೇ ನಕ್ಕಿರಲಿಲ್ಲ. ರಘೂತ್ತಮನನ್ನು ನೋಡುತ್ತಿರಲೂ ಇಲ್ಲ, ಅಪ್ಪನನ್ನು ನೋಡುತ್ತಿದ್ದಳು. ಆಟ ಕಲಿಸುವವಳ ನೆಟ್ಟಗಿನ ಬೆನ್ನು ಸ್ವಲ್ಪ ಬಾಗಿತ್ತು, ಕೆನ್ನೆಯ ಮೇಲೆ ನಾಚಿಕೆ. ತನ್ನ ಅಪ್ಪ ಇಷ್ಟು ಬೇಗ, ಇಷ್ಟು ನಗುನಗುತ್ತ ಇವರಿಗೊಂದು ನೆಪ ಹುಡುಕಿಕೊಟ್ಟನಲ್ಲ, ಅದೂ ಈ ಹದಿನೈದು ಹುಡುಗಿಯರ ಮುಂದೆ ಎಂಬ ನಾಚಿಕೆ. ಆ ನಾಚಿಕೆ ಅವಳಿಗೆ ಸೇರಿದ್ದಲ್ಲ ಎಂದು ರಘೂತ್ತಮನಿಗೆ ಅನ್ನಿಸಿತು. ಅಷ್ಟೇ ಅನ್ನಿಸಿದ್ದು, ಬೇರೆ ಯಾವ ದೊಡ್ಡ ವಿಚಾರವೂ ಬರಲಿಲ್ಲ.

"ಬಿಸಿಲಿರಲಿಲ್ರಿ" ಎಂದ. "ಬೆಳಿಗ್ಗೆ ಆರೂವರಿಗೇ ಬಂದಿದ್ದೆ. ಇನ್ನಾ ತಣ್ಣಗಿತ್ತು. ಹುಡುಗ್ಯಾರು ಆಡ್ಲಿಕತ್ತಿದ್ರು, ಖೋ ಅನ್ನೂದು ನನಗ ಕೇಳಿಸ್ತು. ನಮ್ಮ ಅಪ್ಪ ದಿನಾ ಇಲ್ಲಿಗೇ ಹೊಳ್ಳತಿದ್ರು, ನಾನೂ ಹೊಳ್ಳಿದೆ. ಆ ಕಡೆ ಭೀಮನಗರ ಅದ, ಅದಕ್ಕ."

ಸಾಹೇಬರು ಪೆನ್ನನ್ನು ಕಾಗದದ ಮೇಲೆ ಹಿಡಿದುಕೊಂಡೇ ಕೂತರು, ಇದನ್ನು ಬರೆಯಲು ಅವರ ಕಾಗದದಲ್ಲಿ ಜಾಗವಿರಲಿಲ್ಲ. ಕೊನೆಗೆ, "ಸ್ಥಳ ಪರಿಶೀಲನೆ ಆಗಿಲ್ಲ ಅಂತ ಬರೀತೀನಿ. ಈಗಲೇ ಅಳತಿ ಮಾಡಿ ಕೊಡ್ರಿ, ಆಟದ ಅಂಕಣ ಅಂತ ನಕಾಶ್ಯಾಗ ತೋರಸ್ರಿ. ಗಾಡಿ ಜಾಗ ಗೇಟಿನ ಕಡೆ ನೋಡೋಣ. ಮುಂದಿನ ಕೆಲಸದ್ದು ಮತ್ತ ಮಾತಾಡೋಣ" ಎಂದು ಎದ್ದರು. ಈ ಸಲ ಹೆಗಲ ಮೇಲೆ ಕೈಯಿಡಲಿಲ್ಲ. ಜೀಪು ಹೊರಟಿತು.

ಹುಡುಗಿಯರು ಮೊದಲು ಪಿಸುಗುಟ್ಟಿದರು, ಆಮೇಲೆ ಜಾಗ ಉಳಿಯಿತೆಂದು ತಿಳಿದು ಒಬ್ಬರನ್ನೊಬ್ಬರು ಗುದ್ದುತ್ತ ಕುಣಿದಾಡಿದರು. ಲುಂಬಿನಿ ಸೀಟಿ ಊದಿ ಅವರನ್ನು ಸಾಲಿನಲ್ಲಿ ಕೂರಿಸಿದಳು. ರಘೂತ್ತಮ ಚೀಲದಿಂದ ಟೇಪು ತೆಗೆದು ಗಿಡ ದಾಟಿ ಮಣ್ಣಿಗೆ ಕಾಲಿಟ್ಟ. ಇಪ್ಪತ್ತು ಹೆಜ್ಜೆಯೂ ಇರಲಿಲ್ಲ. ಮಣ್ಣು ಬೇರೆ ಮಣ್ಣಿನ ಹಾಗೇ ಇತ್ತು, ಕಲ್ಲು ಆರಿಸಿ ನೀರು ಹೊಡೆದು ಹದ ಮಾಡಿದ್ದರು. ಲುಂಬಿನಿ ಎದುರಿಗೆ ಬಂದು ನಿಂತಳು. ಉಪಕಾರವಾಯಿತು ಎಂದೇನೂ ಹೇಳಲಿಲ್ಲ, ಹೇಳಿದ್ದರೆ ಅವನಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. "ಇಪ್ಪತ್ತೇಳು ಮೀಟರ್ ಉದ್ದ, ಹದಿನಾರು ಅಗಲ ಬೇಕ್ರಿ ಕಾಕಾ" ಎಂದಳು. "ಗೋಡಿ ಕಡೆ ಒಂದೂವರಿ ಮೀಟರ್ ಕಮ್ಮಿ ಬೀಳ್ತದ. ಆ ಬಿದ್ದ ಕಲ್ಲು ತಗಸಿದ್ರ ಬರೋಬ್ಬರಿ ಆಗ್ತದ, ಅದನ್ನೂ ಬರೀರಿ." ಬರೆಯುತ್ತೇನೆ ಎಂದ. ಕಾಕಾ ಎಂದಳೋ, ತನಗೇ ಹಾಗೆ ಕೇಳಿಸಿತೋ ಎಂದು ಅನುಮಾನಪಟ್ಟ. ಎಂದಿದ್ದಳು.

ಸೂರ್ಯಕಾಂತ ಟೇಪಿನ ತುದಿ ತೆಗೆದುಕೊಂಡು ಗೋಡೆಯ ಕಡೆಯ ಕಂಬಕ್ಕೆ ಹಿಡಿದು ಕುಕ್ಕರಗಾಲಿನಲ್ಲಿ ಕೂತ. ರಘೂತ್ತಮ ಇನ್ನೊಂದು ಕಂಬದವರೆಗೆ ಹೋಗಿ ಅಳೆದು, ಬರೆದುಕೊಂಡು, ಟೇಪು ಸುತ್ತುತ್ತ ಅವನ ಹತ್ತಿರ ಬಂದ. ಸೂರ್ಯಕಾಂತ ಇನ್ನೂ ಕೂತೇ ಇದ್ದ. ಮುಖದ ಮೇಲೆ ನಗು ಇರಲಿಲ್ಲ. ನಗು ಇಲ್ಲದ ಅವನ ಮುಖವನ್ನು ರಘೂತ್ತಮ ನೋಡಿಯೇ ಇರಲಿಲ್ಲ, ಅದು ವಯಸ್ಸಾದವನ ಮುಖವಾಗಿತ್ತು.

"ಯಾಕ ಹೇಳಿದಿ ರಘು?" ಎಂದ ಮೆಲ್ಲಗೆ. "ಬಿಸಿಲು ಅಂದಿದ್ನೆಲಾ. ಅಷ್ಟಕ್ಕೇ ಜಾಗ ಉಳೀತಿತ್ತು."

"ಖರೇ ಹೇಳಬೇಕು ಅನಸ್ತು."

"ನಿನಗ ಅನಸ್ತು." ಸೂರ್ಯಕಾಂತ ಮಣ್ಣಿನಲ್ಲಿ ಸಿಕ್ಕ ಸಣ್ಣ ಕಲ್ಲೊಂದನ್ನು ಎತ್ತಿ ಗೋಡೆಯಾಚೆ ಎಸೆದ. "ನನ್ನ ಲಗ್ನಕ್ಕ ನಿನಗ ಪತ್ರಿಕಾ ಕೊಟ್ಟಿದ್ದೆ, ನೆನಪದ ಏನು? ಇಲ್ಲೇ, ಈ ಗೋಡಿ ಹಿಂದ ಹಂದರ ಹಾಕಿದ್ದಿವಿ. ನನ್ನ ದೋಸ್ತ ಬರ್ತಾನ ಅಂತ ಊಟದ ಸಾಲಿನಾಗ ನನ್ನ ಬಾಜೂಕ ಒಂದು ಎಲಿ ಖಾಲಿ ಇಡಸಿದ್ದೆ. ನೀ ಬರಲಿಲ್ಲ. ಹೊಸಾ ಹೆಂಡತಿ ಪೀರಮ್ಮ ಕೇಳಿದ್ಳು, ನಿಮ್ಮ ದೋಸ್ತ ಯಾಕ ಬರಲಿಲ್ಲ ಅಂತ. ಮೇ ತಿಂಗಳು ನೋಡು. ಬಿಸಿಲು ಭಾಳ ಅದ, ಅದಕ್ಕ ಬಂದಿಲ್ಲ ಅಂತ ನಾನೇ ಹೇಳಿದೆ. ಆಕಿ ನಂಬಿದ್ಳು. ಹೇಳಿ ಹೇಳಿ ನಾನೂ ನಂಬಿದೆ. ಮೂವತ್ತು ವರ್ಷ ನಡೀತು, ಆರಾಮ ಇತ್ತು."

ಪತ್ರಿಕೆ ಕೊಟ್ಟದ್ದು ರಘೂತ್ತಮನಿಗೆ ನೆನಪೇ ಇರಲಿಲ್ಲ. ನೆನಪು ಮಾಡಿಕೊಳ್ಳಲು ನೋಡಿದ, ಬರಲಿಲ್ಲ. ಇದನ್ನಂತೂ ಅವನ ಹೊಟ್ಟೆ ಕೂಡ ಇಟ್ಟುಕೊಂಡಿರಲಿಲ್ಲ.

ಗೋಡೆಯ ಬಿರುಕಿನಿಂದ ಆಚೆಯ ಮನೆಯೊಂದರ ಬಾಗಿಲು ಕಾಣುತ್ತಿತ್ತು. ಅಲ್ಲಿ ನಿಂತ ಪೀರಮ್ಮ ಏನಾಯಿತು ಎಂದು ಸೂರ್ಯಕಾಂತನನ್ನು ಕೈಸನ್ನೆಯಿಂದ ಕೇಳುತ್ತಿದ್ದಳು. ಸೂರ್ಯಕಾಂತ ಅವಳಿಗೆ, ಬಂದೆ ಇರು ಎಂದು ಕೈ ಮಾಡಿದ.

"ಈಗ ಮನಿಗಿ ಹೋಗಿ ಆಕಿಗಿ ಏನಂತ ಹೇಳ್ಲಿ, ರಘು?" ಎಂದು ಕೇಳಿದ. ಅವನು ಚುಚ್ಚಲು ಕೇಳಿದ್ದಲ್ಲ. ಟೇಪಿನ ತುದಿಯನ್ನು ಹಿಡಿದುಕೊಂಡು, ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದ.